ಭಾಷಣಕ್ಕೂ ಮೊದಲು ಓದುವುದನ್ನು ಕಲಿಸಿ

ಮಾನ್ಯ ಸಂಪಾದಕರೇ,

ಕ್ರೈಸ್ತ ಸಭೆಗಳ ಸಾಮಾನ್ಯ ಸದಸ್ಯರಿಗೆ ಸತ್ಯವೇದ (ಬೈಬಲ್) ಬೋಧನೆ ಮತ್ತು ಭಾಷಣದಲ್ಲಿ ತರಬೇತಿ ಕೊಡುವ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಕೇಳುವವರ ಮುಖ ನೋಡಿ ಮಾತನಾಡಬೇಕು, ಧ್ವನಿಯನ್ನು ಬೇಕಾದಲ್ಲಿ ಏರಿಸಬೇಕು, ಕೈಗಳನ್ನು ಸುಮ್ಮನೆ ಆಡಿಸಬಾರದು ಎಂಬ ಸಲಹೆಗಳೆಲ್ಲ ಸರಿಯೇ. ಆದರೆ ನಮ್ಮ ಸಭೆಯಲ್ಲಿ ಹೊಸಬರಿಗೆ ಅಭ್ಯಾಸ ಮಾಡಿಸುತ್ತ ಬಂದಿರುವ ನನಗೆ ಅವು ಎರಡನೆಯ ಪಾಠ. ಮೊದಲನೆಯದು, ಆರಿಸಿಕೊಂಡ ಭಾಗವನ್ನು ಅರ್ಥವಾಗುವಂತೆ ಗಟ್ಟಿಯಾಗಿ ಓದುವುದು.

ಸತ್ಯವೇದದ ನೆಹೆಮೀಯನ ಗ್ರಂಥದ 8ನೇ ಅಧ್ಯಾಯದಲ್ಲಿ ಶಾಸ್ತ್ರಿಯಾದ ಎಜ್ರನು ಮರದ ವೇದಿಕೆಯ ಮೇಲೆ ನಿಂತು ಬೆಳಗಿನಿಂದ ಮಧ್ಯಾಹ್ನದವರೆಗೆ ಧರ್ಮಶಾಸ್ತ್ರವನ್ನು ಓದುತ್ತಾನೆ. ದೇವಾಲಯದ ಸೇವೆಯ ಕುಲದವರಾದ ಲೇವಿಯರು ಅದರ ಅರ್ಥವನ್ನು ಬಿಡಿಸಿ ಹೇಳುತ್ತಾರೆ. ಜನರು ಕಣ್ಣೀರಿಟ್ಟದ್ದು ಅರ್ಥ ತಿಳಿದ ಮೇಲೆ. ಇಂದು ಹಲವು ಕಡೆ ಕೇಳುವವರ ಮನಸ್ಸನ್ನು ಕರಗಿಸುವುದು ಹೇಗೆಂಬುದನ್ನೇ ಮೊದಲು ಕಲಿಸುತ್ತಾರೆ.

ಒಬ್ಬ ಯುವಕ ತನ್ನ ಮೊದಲ ಪ್ರಸಂಗಕ್ಕೆ, ಅಂದರೆ ಸಭೆಯ ಮುಂದಿನ ಬೋಧನೆಗೆ, ಆದಿಸಭೆಯ ಬೋಧಕ ಪೌಲ ಫಿಲಿಪ್ಪಿ ಊರಿನ ಸಭೆಗೆ ಬರೆದ ಪತ್ರದ 4ನೇ ಅಧ್ಯಾಯದ 13ನೇ ವಚನವನ್ನು ಆರಿಸಿಕೊಂಡಿದ್ದ. ತನ್ನನ್ನು ಬಲಪಡಿಸುವಾತನಿಂದ ಎಲ್ಲಕ್ಕೂ ಶಕ್ತನಾಗಿದ್ದೇನೆ ಎಂಬ ಪೌಲನ ಮಾತು ಅದು. ಪರೀಕ್ಷೆ, ಉದ್ಯೋಗ, ಸ್ಪರ್ಧೆ, ಎಲ್ಲದರಲ್ಲೂ ಗೆಲುವು ನಮ್ಮದೇ ಎಂದು ಸೊಗಸಾಗಿ ಮಾತನಾಡಿದ. ಧ್ವನಿ ಚೆನ್ನಾಗಿತ್ತು, ಅಂಜಿಕೆ ಇರಲಿಲ್ಲ. ಹಿಂದಿನ ಎರಡು ವಚನಗಳನ್ನು ಗಟ್ಟಿಯಾಗಿ ಓದು ಎಂದೆ. ಹೊಟ್ಟೆ ತುಂಬಿದ್ದಾಗಲೂ ಹಸಿದಿದ್ದಾಗಲೂ ಇರುವ ಸ್ಥಿತಿಯಲ್ಲೇ ಸಂತೃಪ್ತನಾಗಿರಲು ಕಲಿತಿದ್ದೇನೆ ಎಂದು ಪೌಲ ಅಲ್ಲಿ ಬರೆಯುತ್ತಾನೆ. ಮೊದಲ ಅಧ್ಯಾಯ ತೆರೆದರೆ, ಬರೆಯುತ್ತಿರುವವನು ಬೇಡಿಯಲ್ಲಿದ್ದಾನೆ! ಯುವಕ ತಾನು ಬರೆದುಕೊಂಡಿದ್ದನ್ನು ಬದಿಗಿಟ್ಟು ಮತ್ತೆ ಸಿದ್ಧನಾಗಿ ಬಂದ. ಆ ಎರಡನೆಯ ಪ್ರಸಂಗವನ್ನು ಕೆಲಸ ಕಳೆದುಕೊಂಡು ಕುಳಿತವರ ಎದುರಿಗೂ ಧೈರ್ಯವಾಗಿ ಹೇಳಬಹುದಿತ್ತು.

ವಚನಗಳನ್ನು ಬಿಡಿಬಿಡಿಯಾಗಿ ಕಿತ್ತು ಬಳಸುವ ಅಭ್ಯಾಸಕ್ಕೆ ಅಧ್ಯಾಯ, ವಚನಗಳ ಅಂಕಿಗಳೂ ಸ್ವಲ್ಪ ಕಾರಣ. ಈಗಿನ ಅಧ್ಯಾಯಗಳ ವಿಭಜನೆ 13ನೇ ಶತಮಾನದ್ದು. ಸತ್ಯವೇದದ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ಈಗಿನ ವಚನಸಂಖ್ಯೆಗಳು 1551ರಲ್ಲಿ ರಾಬರ್ಟ್ ಎಸ್ಟಿಯೆನ್ ಮುದ್ರಿಸಿದ ಗ್ರೀಕ್ ಆವೃತ್ತಿಯಿಂದ ಬಂದವು. ಪೌಲನ ಪತ್ರಗಳನ್ನು ಮೊದಲು ಕೇಳಿದ ಸಭೆಗಳಿಗೆ ಇವು ಯಾವುವೂ ಗೊತ್ತಿರಲಿಲ್ಲ. ಆದ್ದರಿಂದ ಅಂಕಿಗಳನ್ನು ತೆಗೆದು ಬರೆದ ಹಾಳೆಯನ್ನೇ ನಾನು ಅಭ್ಯಾಸಕ್ಕೆ ಕೊಡುತ್ತೇನೆ. ಆಗ ಮಾತು ಎಲ್ಲಿ ಮುಗಿಯುತ್ತದೆ, ‘ಆದಕಾರಣ’ ಎಂಬುದು ಹಿಂದಿನ ಯಾವ ಮಾತನ್ನು ಹಿಡಿದುಕೊಂಡಿದೆ ಎಂಬುದನ್ನು ಓದುವವರೇ ಹುಡುಕಬೇಕಾಗುತ್ತದೆ.

ಸಿದ್ಧತೆಯೇ ಬೇಡ, ಆ ಗಳಿಗೆಯಲ್ಲಿ ಆಡಬೇಕಾದ ಮಾತು ದೊರೆಯುತ್ತದೆ ಎಂದು ಮತ್ತಾಯನ ಸುವಾರ್ತೆಯ 10:19ನ್ನು ಮುಂದಿಡುವವರಿದ್ದಾರೆ. ಯೇಸುವಿನ ಆ ಭರವಸೆ ನ್ಯಾಯಸಭೆಗಳಿಗೆ, ಅಧಿಪತಿಗಳ ಮುಂದಕ್ಕೆ ಎಳೆದೊಯ್ಯಲ್ಪಡುವವರಿಗೆ ಕೊಟ್ಟದ್ದು. ವಾರಕ್ಕೆ ಮುಂಚೆಯೇ ಹೊಣೆ ಹೊತ್ತು, ಪುಸ್ತಕ ತೆರೆಯದೆ ಬರುವವರಿಗೆ ಅದನ್ನು ಅನ್ವಯಿಸುವುದು ಸರಿಯಲ್ಲ.

ತೊದಲುವವರನ್ನು, ಸಂಕೋಚ ಸ್ವಭಾವದವರನ್ನು ಬೋಧಿಸುವವರ ಪಟ್ಟಿಯಿಂದ ಕೈಬಿಡುವುದು ನನಗೆ ತೀರ ನೋವಿನ ಸಂಗತಿ. ತಾನು ಮಾತಿನಲ್ಲಿ ಜಾಣನಲ್ಲ ಎಂದು ಮೋಶೆಯೇ ದೇವರಿಗೆ ಹೇಳಿಕೊಂಡಿದ್ದ. ಅಂಥವರಿಗೆ ಮೊದಲು ಸತ್ಯವೇದದ ಕೀರ್ತನೆಗಳನ್ನು ಓದಲು ಕೊಡಿ. ಅವು ಇಬ್ರಿಯ, ಅಂದರೆ ಹೀಬ್ರೂ ಕಾವ್ಯ; ಅದರಲ್ಲಿ ಒಂದು ಸಾಲು ಹೇಳಿದ್ದನ್ನು ಮುಂದಿನ ಸಾಲು ಬೇರೆ ಮಾತುಗಳಲ್ಲಿ ಮುಂದುವರಿಸುವುದು ಸಾಮಾನ್ಯ. 19ನೇ ಕೀರ್ತನೆಯ ಆರಂಭವನ್ನೇ ನೋಡಿ: ಆಕಾಶ ದೇವರ ಮಹಿಮೆಯನ್ನು ಸಾರುತ್ತದೆ ಎಂದು ಮುಗಿಸಿ ಉಸಿರು ತೆಗೆದುಕೊಳ್ಳಬಹುದು, ಗಗನ ಆತನ ಕೈಕೆಲಸವನ್ನು ತಿಳಿಸುತ್ತದೆ ಎಂದು ಮುಂದುವರಿಯಬಹುದು. ಅವಸರ ತಗ್ಗಿದರೆ ಅರ್ಧ ಭಯ ಹೋಗುತ್ತದೆ. ನಮ್ಮಲ್ಲಿ ಹೆಸರು ಕರೆದರೆ ತಲೆ ತಗ್ಗಿಸುತ್ತಿದ್ದ ಒಬ್ಬ ಹಿರಿಯರು ಹೀಗೆ ಓದತೊಡಗಿ, ಈಗ ಮಕ್ಕಳ ಗುಂಪಿಗೆ ಪಾಠ ಹೇಳುತ್ತಿದ್ದಾರೆ.

ತಿದ್ದುವ ವಿಷಯದಲ್ಲಿ ನಾವು ತುಂಬ ಹಿಂದಿದ್ದೇವೆ. ಪ್ರಸಂಗ ಮುಗಿದೊಡನೆ ಎಲ್ಲರೂ ‘ಚೆನ್ನಾಗಿತ್ತು’ ಎನ್ನುತ್ತಾರೆ. ಆ ಮಾತಿನಿಂದ ಕಲಿಯುವವನಿಗೆ ಏನೂ ಸಿಗುವುದಿಲ್ಲ. ಆದಿಸಭೆಯ ಕಾಲದ ಬೋಧಕ, ಅಲೆಕ್ಸಾಂದ್ರಿಯದ ಅಪೊಲ್ಲೋಸನು ವಾಕ್ಚತುರ, ಶಾಸ್ತ್ರ ಬಲ್ಲವನು. ಆದರೂ ಪ್ರಿಸ್ಕಿಲ್ಲ ಮತ್ತು ಅವಳ ಗಂಡ ಅಕ್ವಿಲ ಅವನನ್ನು ತಮ್ಮ ಬಳಿಗೆ ಕರೆದುಕೊಂಡು ದೇವರ ಮಾರ್ಗವನ್ನು ಇನ್ನಷ್ಟು ಖಚಿತವಾಗಿ ವಿವರಿಸಿದರು. ಸಭೆಯ ಮುಂದೆ ಅವನನ್ನು ತಡೆಯಲಿಲ್ಲ, ಹೊಗಳಿ ಸುಮ್ಮನಾಗಲೂ ಇಲ್ಲ. ತಿದ್ದಿದ ಇಬ್ಬರಲ್ಲಿ ಒಬ್ಬಳು ಹೆಣ್ಣು ಎಂಬುದನ್ನು, ಮಹಿಳೆಯರನ್ನು ತರಬೇತಿಯಿಂದ ದೂರವಿಡುವ ಸಭೆಗಳು ಗಮನಿಸಬೇಕು.

ಸಭಾಪಾಲಕರಲ್ಲಿ ಮತ್ತು ಹಿರಿಯರಲ್ಲಿ ನನ್ನ ಕೋರಿಕೆ ಇಷ್ಟು. ಓದುವ ಭಾಗವನ್ನು ಕನಿಷ್ಠ ಒಂದು ವಾರ ಮೊದಲೇ ಕೊಡಿ. ಪ್ರಸಂಗ ಮಾಡಿದವರೊಂದಿಗೆ ಮರುದಿನ ಅನುಭವಸ್ಥರೊಬ್ಬರು ಏಕಾಂತದಲ್ಲಿ ಕುಳಿತು, ಯಾವ ಮಾತು ಸ್ಪಷ್ಟವಾಯಿತು, ಯಾವುದು ಆಗಲಿಲ್ಲ ಎಂದು ಹೇಳಲಿ. ಮೈಕಿನ ಮುಂದೆ ನಿಲ್ಲುವ ತರಬೇತಿಯನ್ನು ಅದಾದ ಮೇಲೆ ಆರಂಭಿಸಬಹುದು.

– ಸಭೆಯೊಂದರ ಬೋಧಕಿ