ನಾಲ್ಕೇ ತಂತಿ ಎಂದವರಿಗೆ

ಮಾನ್ಯರೇ,

‘ಗಿಟಾರ್ ಕೈಗೆ ಹತ್ತದಿದ್ದರೆ ಬೇಸ್ ಗಿಟಾರ್ ತೆಗೆದುಕೊಳ್ಳಿ, ನಾಲ್ಕೇ ತಂತಿ, ಸೀಟೂ ಬೇಗ ಸಿಗುತ್ತದೆ’ ಎಂದು ಸಂಗೀತ ಕಾಲೇಜು ಸೇರುವವರಿಗೆ ಓದುಗರೊಬ್ಬರು ಈ ಅಂಕಣದಲ್ಲಿ ಕೊಟ್ಟ ಸಲಹೆ ಓದಿದೆ. ಅದೇ ಮಾತು ಕೇಳಿ ಸೇರಿದವನು ನಾನು. ಈಗ ಎರಡನೇ ವರ್ಷ. ಸೀಟಿನ ವಿಷಯ ನಿಜ: ಗಿಟಾರ್ ಆಡಿಷನ್‌ಗೆ ಹೋದವನನ್ನು ಬೇಸ್ ಕಡೆಗೆ ಸಾಗಹಾಕಿದ್ದರು. ಸುಲಭ ಅನ್ನುವುದಕ್ಕೆ ಮಾತ್ರ ನನ್ನ ತಕರಾರಿದೆ.

ಮೊದಲು ಬೆರಳೇ ಎಟುಕಲಿಲ್ಲ. ನನ್ನ ಹಳೆಯ ಗಿಟಾರ್‌ನಲ್ಲಿ ತಂತಿಯ ಮೀಟುವ ಉದ್ದ, ಅಂದರೆ ಮೇಲಿನ ಆನಿಕೆ ನಟ್‌ನಿಂದ ಕೆಳಗಿನ ಆನಿಕೆ ಬ್ರಿಜ್‌ವರೆಗೆ, 25.5 ಇಂಚು, ಬೇಸ್‌ನಲ್ಲಿ 34. ಸ್ವರಲಿಪಿ ಓದಲು ಕೂತರೆ ಅದೂ ಬೇರೆ. ಗಿಟಾರ್‌ನ ಲಿಪಿಗೆ ಟ್ರೆಬಲ್ ಕ್ಲೆಫ್ ಎಂಬ ಗುರುತು, ಅದರಲ್ಲಿ ಅಡಿಗೆರೆ ಇ ಸ್ವರ; ನಮ್ಮ ಬೇಸ್ ಕ್ಲೆಫ್‌ನಲ್ಲಿ ಅದೇ ಗೆರೆ ಜಿ. ಒಂದು ತಿಂಗಳು ನಾನು ನುಡಿಸಿದ್ದೆಲ್ಲ ಬೇರೆ ಯಾವುದೋ ಹಾಡು.

ಇವೆಲ್ಲ ಅಭ್ಯಾಸದಿಂದ ಸರಿಹೋದವು. ಸರಿಹೋಗದೆ ಕಾಡಿದ್ದು, ಈಗಲೂ ಕಾಡುವುದು, ಸ್ವರವನ್ನು ನಿಲ್ಲಿಸುವುದು. ನಮ್ಮ ಮೇಷ್ಟ್ರು ಲಯ ಎಣಿಸುವ ಯಂತ್ರ ಮೆಟ್ರೊನೋಮ್ ಎರಡು ಮತ್ತು ನಾಲ್ಕನೇ ಬೀಟ್‌ಗೆ ಮಾತ್ರ ಹೊಡೆಯುವಂತೆ ಇಟ್ಟು, ಒಂದೇ ಸ್ವರ ನುಡಿಸಲು ಹೇಳಿ, ಅದನ್ನು ರೆಕಾರ್ಡ್ ಮಾಡಿ ಕೇಳಿಸಿದರು. ಶುರು ಚೆನ್ನಾಗಿಯೇ ಇತ್ತು. ‘ಮುಗಿದದ್ದು ಎಲ್ಲಿ?’ ಎಂದರು. ನಾನು ಯೋಚಿಸಿಯೇ ಇರಲಿಲ್ಲ. ಪ್ರತಿ ಸಲವೂ ಸ್ವರ ಬೇರೆ ಬೇರೆ ಜಾಗದಲ್ಲಿ ಸಾಯುತ್ತಿತ್ತು. ಎಡಗೈ ಬೆರಳನ್ನು ತಂತಿಯಿಂದ ಪೂರ್ತಿ ತೆಗೆಯದೆ, ಒತ್ತು ಮಾತ್ರ ಸಡಿಲಿಸಿ, ಸ್ನೇರ್ ಡ್ರಮ್ಮಿನ ಏಟು ಬೀಳುವ ಹೊತ್ತಿಗೆ ಸರಿಯಾಗಿ ಮೌನ ಮಾಡಬೇಕು. ಆಗ ಡ್ರಮ್ಮರ್ ಅದೇ ಏಟು ಹೊಡೆದರೂ ಅದು ದೊಡ್ಡದಾಗಿ ಕೇಳುತ್ತದೆ. ಇಷ್ಟಕ್ಕೇ ಒಂದು ಸೆಮಿಸ್ಟರ್ ಹೋಯಿತು. ಪಕ್ಕದ ಕೋಣೆಯಲ್ಲಿ ಗಿಟಾರ್‌ನವರು ಸೋಲೊ ಕಲಿಯುತ್ತಿದ್ದರು. ಹೊಟ್ಟೆಕಿಚ್ಚಾಗಲಿಲ್ಲ ಎಂದರೆ ಸುಳ್ಳು.

ಆ ಕಿಚ್ಚು ಆರಿದ್ದು ಒಂದು ತಪ್ಪಿನಿಂದ. ಬ್ಯಾಂಡ್ ಕ್ಲಾಸಿನಲ್ಲಿ ಗಿಟಾರ್‌ನವನು ಸಿ ಮೇಜರ್ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಚ್ಛ) ಹಿಡಿದಿದ್ದಾಗ ನಾನು ಕೈತಪ್ಪಿ ಎ ಸ್ವರ ನುಡಿಸಿಬಿಟ್ಟೆ. ಅವನ ಸಿ ಮೇಜರ್ ಕಣ್ಣೆದುರೇ ಎ ಮೈನರ್ ಸೆವೆಂತ್ ಎಂಬ ಬೇರೆಯೇ ಕಾರ್ಡ್ ಆಯಿತು, ಹಾಡಿನ ಮುಖವೇ ಬಾಡಿತು. ಅವನು ತನ್ನ ಬೆರಳುಗಳನ್ನೇ ನೋಡಿಕೊಂಡ. ಅವನದೇನೂ ತಪ್ಪಿರಲಿಲ್ಲ.

‘ಬೇಸ್ ಎಲ್ಲಿ ಕೇಳಿಸುತ್ತದೆ?’ ಎಂಬ ಮಾತೂ ಆ ಓದುಗರ ಪತ್ರದಲ್ಲಿತ್ತು. ಫೋನ್‌ನಲ್ಲಿ ಕೇಳಿದರೆ ಹೇಗೆ ಕೇಳಿಸೀತು? ನಮ್ಮ ದಪ್ಪ ತಂತಿ ಕಂಪಿಸುವುದು ಸೆಕೆಂಡಿಗೆ ಸುಮಾರು 41 ಸಲ. ಅಷ್ಟು ಮಂದ್ರವನ್ನು ಆ ಪುಟ್ಟ ಸ್ಪೀಕರ್ ಎಬ್ಬಿಸಲಾರದು. ಒಳ್ಳೆಯ ಹೆಡ್‌ಫೋನ್ ಹಾಕಿಕೊಂಡು ಅಮೆರಿಕದ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಅವರನ್ನು ಕೇಳಿ. ನಾಲ್ಕು ತಂತಿ, ಮೀಟಲು ಬಲಗೈಯ ತೋರುಬೆರಳು ಒಂದೇ. ಮೋಟೌನ್ ಎಂಬ ರೆಕಾರ್ಡ್ ಕಂಪನಿಯ 1960ರ ದಶಕದ ಹಿಟ್ ಹಾಡುಗಳಲ್ಲಿ ಎಷ್ಟೋ ನಿಂತಿರುವುದು ಆ ಬೆರಳಿನ ಮೇಲೆ. ಆದರೂ ಆ ಕಂಪನಿಯ ದೊಡ್ಡ ಆಲ್ಬಮ್ಮೊಂದರ ಹೊದಿಕೆಯಲ್ಲಿ ಅವರ ಹೆಸರು ಅಚ್ಚಾಗಲು 1971 ಬರಬೇಕಾಯಿತು.

ಇಲ್ಲಿ ನಿಮ್ಮ ಪತ್ರಿಕೆಯ ಮೇಲೂ ಒಂದು ದೂರಿದೆ. ಕಛೇರಿಯ ವಿಮರ್ಶೆಯಲ್ಲಿ ಗಾಯಕಿಯ ಉಡುಪಿಗೆ ಎರಡು ಸಾಲು, ಗಿಟಾರ್ ಸೋಲೊಗೆ ಒಂದು ಪ್ಯಾರಾ, ಡ್ರಮ್ಮರ್‌ಗೆ ಹೆಸರಾದರೂ ಇರುತ್ತದೆ. ಬೇಸ್ ನುಡಿಸಿದವರು ‘ಮತ್ತಿತರರು’. ಹೊಗಳುವುದು ಬೇಡ, ಬೇಕಿದ್ದರೆ ಬಯ್ಯಿರಿ. ವಿಮರ್ಶಕರು ವೇದಿಕೆಯ ಹಿಂದೆ ಹೋಗಿ ಹೆಸರೊಂದನ್ನು ಕೇಳಿ ಬರೆದುಕೊಂಡರೆ ಸಾಕು.

– ಬೇಸ್ ವಿಭಾಗದ ಎರಡನೇ ವರ್ಷದ ವಿದ್ಯಾರ್ಥಿ