ಬ್ಯಾಂಕಿನ ಬೆಂಚಿನಲ್ಲಿ ಪಕ್ಕ ಕೂತಿದ್ದ ಅಕ್ಕನಿಗೆ

ಅಕ್ಕಾ, ಅವತ್ತು ನಿಮ್ಮ ಹೆಸರು ಕೇಳಲೇ ಇಲ್ಲ. ತೀರ್ಥಹಳ್ಳಿಯ ಬ್ಯಾಂಕಿನಲ್ಲಿ, ಜೋರು ಮಳೆ, ಕೊಡೆಯಿಂದ ನೀರು ಸೋರುತ್ತಿತ್ತು, ಹಣ ತೆಗೆಯುವ ಚೀಟಿ ಹಿಡಿದು ಯಾರನ್ನು ಕೇಳುವುದು ಅಂತ ಸುಮ್ನೆ ನಿಂತಿದ್ದವಳು ನಾನು. ಅಡಿಕೆ ದುಡ್ಡಿನ ಲೆಕ್ಕವೆಲ್ಲ ಯಜಮಾನರದ್ದು. ಗೃಹಲಕ್ಷ್ಮಿಯ 2,000 ರೂಪಾಯಿ ಬಂತಾ ಅಂತ ನೋಡಲಿಕ್ಕೂ ಮಗನಿಗೆ ಕಾಯುತ್ತಿದ್ದೆ. ಈ ವಯಸ್ಸಲ್ಲಿ ಇಷ್ಟೂ ಗೊತ್ತಿಲ್ವಾ ಅಂತಾರೇನೋ ಅನ್ನುವ ನಾಚಿಕೆ.

ನೀವು ಚೀಟಿ ಬರೆದುಕೊಡಲಿಲ್ಲ, ನನ್ನ ಕೈಯಲ್ಲೇ ಬರೆಸಿದಿರಿ. ಅಂಕಿಯಲ್ಲಿ ಒಮ್ಮೆ, ಅಕ್ಷರದಲ್ಲಿ ಒಮ್ಮೆ, ಕೊನೆಗೆ ‘ಮಾತ್ರ’. ಆಮೇಲೆ ಪಾಸ್‌ಬುಕ್ಕಿನ ಮೇಲೆ ಬೆರಳಿಟ್ಟು, ಇದು ಬಂದಿದ್ದು, ಇದು ತೆಗೆದಿದ್ದು, ಇದು ಉಳಿದಿದ್ದು ಅಂತ ಸಾಲು ಸಾಲಾಗಿ ತೋರಿಸಿದಿರಿ. ನಾಮಿನಿ, ಅಂದರೆ ನಾನಿಲ್ಲದಾಗ ದುಡ್ಡು ಪಡೆಯುವವರ ಹೆಸರು ಕೊಟ್ಟಿಲ್ಲ ಅಂತ ಕಂಡುಹಿಡಿದವರೂ ನೀವೇ. ಠೇವಣಿಗೆ ಅಸಲು ಬಡ್ಡಿ ಸೇರಿ 5 ಲಕ್ಷದವರೆಗೆ ವಿಮೆ ಇರುತ್ತದೆ, ಬ್ಯಾಂಕಿನವರು ಅಂತ ಫೋನ್ ಮಾಡಿದರೂ ಓಟಿಪಿ ಹೇಳಬಾರದು, ಎಲ್ಲ ಹೇಳಿದಿರಿ. “ನಾಚಿಕೆ ಯಾಕೆ ಮಾರಾಯ್ತಿ, ನಂಗೂ ಯಾರೋ ಹೇಳಿಕೊಟ್ಟಿದ್ದೇ ಅಲ್ವಾ” ಅಂದಿರಿ. ಆ ಮಾತು ನೆನೆದರೆ ಈಗಲೂ ಕಣ್ಣು ತುಂಬುತ್ತದೆ.

ಈಗ ಆರ್‌ಡಿ, ಅಂದರೆ ತಿಂಗಳು ತಿಂಗಳು ಕಟ್ಟುವ ಠೇವಣಿ, ತಿಂಗಳಿಗೆ 500 ರೂಪಾಯಿ ಕಟ್ಟುತ್ತಿದ್ದೇನೆ, ನನ್ನ ಹೆಸರಲ್ಲೇ. ಕಳೆದ ವಾರ ಪಕ್ಕದ ಮನೆ ಅತ್ತಿಗೆಯನ್ನೂ ಕರೆದುಕೊಂಡು ಹೋಗಿದ್ದೆ. ಚೀಟಿ ಅವರ ಕೈಯಲ್ಲೇ ಬರೆಸಿದೆ. ತುಂಬಾ ಥ್ಯಾಂಕ್ಸ್ ಅಕ್ಕಾ.