ಪುಷ್ಯ ಮಳೆಗೆ ಸೊನ್ನೆ ಮಾರ್ಕು

ಸಂಪಾದಕರಿಗೆ ನಮಸ್ಕಾರ,

ನಮ್ದು ಶಿರಸಿ ಕಡೆ ಒಂದೂವರೆ ಎಕರೆ ಅಡಿಕೆ ತೋಟ. ಹೋದ ವರ್ಷ ಪುಷ್ಯ ಮಳೆ ಹಿಡಿದದ್ದು ಬಿಡ್ಲೇ ಇಲ್ಲ, ಕೊಳೆರೋಗಕ್ಕೆ ಎರಡನೇ ಸಲದ ಮದ್ದು ಹೊಡೆಸೋಕೆ ಮರ ಹತ್ತೋ ಕೊನೆಗೌಡ ದಿನಾ ಬಂದು ಆಕಾಶ ನೋಡಿ ಚಾ ಕುಡ್ದು ವಾಪಸ್ ಹೋಗ್ತಿದ್ದ, ಅಷ್ಟರಲ್ಲಿ ಕೊಳೆ ಬಂದು ಅರ್ಧ ಫಸಲು ಮರದ ಬುಡಕ್ಕೆ ಬಿತ್ತು. ಹವಾಮಾನ ಆಧಾರಿತ ಬೆಳೆವಿಮೆ ಇತ್ತು ಬಿಡಿ, ನಮ್ಮ ಪಾಲಿನ 5 ಪರ್ಸೆಂಟ್ ಪ್ರೀಮಿಯಂ ಕಟ್ಟಿದ್ವಿ. ಆದ್ರೆ ಇದ್ರಲ್ಲಿ ಉದುರಿದ ಕಾಯಿ ಯಾರೂ ಎಣಿಸಲ್ಲ, ಪರಿಹಾರಕ್ಕೆ ಪಂಚಾಯ್ತಿ ಮಳೆಮಾಪಕ ಹೇಳಿದ್ದೇ ವೇದವಾಕ್ಯ. ಅದ್ರ ಪ್ರಕಾರ ಆ ವಾರ ಮೂರು ದಿನ ನಮ್ಮೂರಲ್ಲಿ ಮಳೆನೇ ಇಲ್ಲ! ಹೋಗಿ ನೋಡಿದ್ರೆ ಮಾಪಕದ ಮೇಲಿನ ಆಲಿಕೆಯಲ್ಲಿ ದರಕು (ಒಣ ಎಲೆ) ಕೊಳೆತು ತೂತು ಕಟ್ಕೊಂಡಿದೆ.

ಅಪ್ಪಯ್ಯ ಅಂಗಳದ ಮಳೆಮಾಪಕ ನೋಡಿ ದಿನಾ ಪಂಚಾಂಗದ ಅಂಚಲ್ಲಿ ಪೆನ್ಸಿಲ್‌ನಲ್ಲಿ ಬರಿತಾರೆ. ಆ ಮೂರು ದಿನದ್ದೂ ಇದೆ, 112, 96, 140 ಮಿಲಿಮೀಟರ್. ಪಂಚಾಂಗ ಹಿಡ್ಕೊಂಡೇ ಆಫೀಸಿಗೆ ಹೋದ್ವಿ, "ಸಿಸ್ಟಮ್‌ನಲ್ಲಿ ಇದ್ದದ್ದೇ ಲೆಕ್ಕ ಮಾರಾಯ್ರೆ" ಅಂದ್ರು. ಈ ವರ್ಷದಿಂದ ಅಪ್ಪಯ್ಯ ಆಚೆಮನೆಯವ್ರ ಹತ್ರ ಪಕ್ಕದಲ್ಲೊಂದು ಸಹಿನೂ ಹಾಕಿಸ್ತಿದ್ದಾರೆ.

ದುಡ್ಡು ಹೋಯ್ತು ಬಿಡಿ. ಯಂತ್ರ ಕೆಟ್ಟ ದಿನದ ಸೊನ್ನೆನೂ, ನಿಜವಾಗ್ಲೂ ಬಿಸಿಲಿದ್ದ ದಿನದ ಸೊನ್ನೆನೂ ದಾಖಲೆಯಲ್ಲಿ ಒಂದೇ ಥರ ಕಾಣ್ತದೆ, ಇನ್ನು ಇಪ್ಪತ್ತು ವರ್ಷ ಬಿಟ್ಟು ಯಾರೋ ಇದನ್ನ ತೆಗ್ದು ಆ ವರ್ಷ ಶಿರಸಿಯಲ್ಲಿ ಪುಷ್ಯ ಕೈಕೊಟ್ಟಿತ್ತು ಅಂತ ಬರೆದ್ರೆ ಅಲ್ಲ ಅನ್ನೋಕೆ ಯಾರಿರ್ತಾರೆ?

ಮೇಲಿನವ್ರ ಕಥೆನೂ ಹಂಗೇ ಇದೆ. 1881ರಿಂದ ಹತ್ತು ವರ್ಷಕ್ಕೊಮ್ಮೆ ತಪ್ಪದೆ ಆಗ್ತಿದ್ದ ಜನಗಣತಿ 2021ರಲ್ಲಿ ಕೋವಿಡ್ ಅಂತ ನಿಂತದ್ದು 2027ಕ್ಕೆ ಹೋಯ್ತು, ಅಲ್ಲಿವರೆಗೆ ರೇಷನ್ ಎಷ್ಟು ಜನಕ್ಕೆ ಅನ್ನೋದಕ್ಕೆ 2011ರ ತಲೆ ಲೆಕ್ಕವೇ ಗತಿ. 2017-18ರ ಮನೆ ಖರ್ಚಿನ ಸರ್ವೆನಂತೂ ಗುಣಮಟ್ಟ ಸರಿಯಿಲ್ಲ ಅಂತ 2019ರಲ್ಲಿ ಬಿಡುಗಡೆನೇ ಮಾಡ್ಲಿಲ್ಲ. ಸರಿಯಿಲ್ಲ ಅಂತ ಷರಾ ಬರ್ದಾದ್ರೂ ಕೊಡ್ಬಹುದಿತ್ತು, ನಮ್ಮ ತೋಟದ ವಿಷ್ಯದಲ್ಲಿ ಮಾತ್ರ ಈ ಗುಣಮಟ್ಟದ ಚಿಂತೆ ಯಾರಿಗೂ ಬರ್ಲಿಲ್ಲ ನೋಡಿ.

ಸಂಬಂಧಪಟ್ಟವ್ರಿಗೆ ನನ್ನ ಕೋರಿಕೆ ಇಷ್ಟೇ, ದಿನದ ಮಳೆ ಎಷ್ಟು ಅಂತ ಅವತ್ತವತ್ತೇ ಪಂಚಾಯ್ತಿ ಬೋರ್ಡಲ್ಲಿ ಬರೀರಿ, ತಪ್ಪಿದ್ರೆ ನಾವು ಅವತ್ತೇ ಬಂದು ಹೇಳ್ತೀವಿ. ಕೆಟ್ಟ ದಿನ ಸೊನ್ನೆ ಹಾಕೋ ಬದ್ಲು ಕೆಟ್ಟಿತ್ತು ಅಂತ್ಲೇ ಹಾಕಿ, ಪಕ್ಕದೂರಿನ ಅಂಕಿ ತಂದು ತುಂಬಿದ್ರೆ ಅದನ್ನೂ ಹೇಳಿ. ಮತ್ತೆ ಹಳೇ ವರ್ಷದ್ದು ಯಾವುದನ್ನೂ ಅಳಿಸ್ಬೇಡಿ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ, ಶಿರಸಿ ತಾಲೂಕು